ಟೆಂಡರ್ ಅಂದ್ರೆ ತೀರ್ಪಲ್ಲ

ತಿಪಟೂರು ಎಪಿಎಂಸಿಯಲ್ಲಿ "ಟೆಂಡರ್ ಎಷ್ಟಕ್ಕಾಯ್ತು?" ಅಂತ ಕೇಳ್ತೀವಿ, ಬೆಲೆ ಮುಗಿದುಹೋದ ಹಾಗೆ. ಆದರೆ ಇಂಗ್ಲಿಷಿನಲ್ಲಿ ಟೆಂಡರ್ ಕ್ರಿಯಾಪದವೂ ಹೌದು. ಅರ್ಥ, ಮುಂದಿಡು. ಮೂಲ ಲ್ಯಾಟಿನ್ನಿನ 'ಟೆಂಡೆರೆ', ಅಂದರೆ ಚಾಚು. ಎಳನೀರಿಗೆ ಹೇಳುವ ಟೆಂಡರ್ ಬೇರೆ. ಅದು 'ಎಳೆಯದು' ಎನ್ನುವ 'ಟೆನೆರ್'ನಿಂದ ಬಂದಿದ್ದು. ರಾಜೀನಾಮೆ ಟೆಂಡರ್ ಮಾಡಿದರು ಅಂದರೂ ಸಲ್ಲಿಸಿದರು ಅಂತಷ್ಟೇ, ಅಂಗೀಕಾರ ಆಯ್ತು ಅಂತಲ್ಲ.

ಹಾಗೇ ವರ್ತಕ ಹಾಕುವ ದರ ಬರೀ ಚಾಚಿದ ಕೈ. ಹಿಡಿಯೋದು, ಬಿಡೋದು ಉಂಡೆ ಕೊಬ್ಬರಿ ತಂದವರ ಹಕ್ಕು. ಇ-ಟೆಂಡರಿನಲ್ಲೂ ರೈತ ದರ ಒಪ್ಪದೆ ಬೇಡ ಅನ್ನಬಹುದು.

ಆದರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಚೀಲ ತಂದವರಿಗೆ ವಾಪಸ್ ಒಯ್ಯುವ ಬಾಡಿಗೆಯ ಚಿಂತೆ, ಮನೆಯಲ್ಲಿ ಸಾಲದ ಚಿಂತೆ. ಬೇಡ ಅನ್ನೋಕೆ ಬಾಯಿ ಬರಬೇಕಾದರೆ ಹತ್ತಿರದಲ್ಲೇ ಗೋದಾಮು, ಸುಲಭದ ಅಡಮಾನ ಸಾಲ ಬೇಕು. ಓಟು ಕೇಳಲು ಬಂದವರಿಗೆ ಮೊದಲು ಇದನ್ನೇ ಕೇಳಿ.