ಕಡಲಾಚೆಯ ಚೆಕ್ಕು

2024ರ ನವೆಂಬರ್ 2ರಂದು, ಮೃತರ ಸ್ಮರಣೆಯ ಬಲಿಪೂಜೆ ಮುಗಿದ ಮೇಲೆ, ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಪ್ರಾರ್ಥನಾ ಪುಸ್ತಕದೊಳಗಿಂದ ಒಂದು ಚೆಕ್ಕನ್ನು ತೆಗೆದು ನಮ್ಮ ಕೈಗಿತ್ತರು. ಅಮೆರಿಕದಲ್ಲಿ ತೀರಿಹೋದ ತಮ್ಮನ ಉಯಿಲಿನಂತೆ ಇವರ ಪಾಲಿಗೆ ಬಂದ ಹಣವನ್ನು ಅಲ್ಲಿನ ವಕೀಲರು ಡಾಲರ್ ಚೆಕ್ಕಿನ ರೂಪದಲ್ಲಿ ಅಂಚೆಯಲ್ಲಿ ಕಳುಹಿಸಿದ್ದರು. ಚೆಕ್ಕಿನ ಮೇಲೆ ತಮ್ಮನ ಹೆಸರು ಅಚ್ಚಾಗಿತ್ತು. ಅವನ ವರ್ಷದ ಪೂಜೆ ಆಗುವ ತನಕ ಅದನ್ನು ಬ್ಯಾಂಕಿಗೆ ಕೊಡಲು ಮನಸ್ಸೇ ಬರಲಿಲ್ಲವೆಂದರು. "ತಡವಾಯಿತೇ ಫಾದರ್?" ಎಂದು ಕೇಳಿದರು. ಚೆಕ್ಕಿನಲ್ಲಿದ್ದ ತಾರೀಕು 04/07/2024. ಜುಲೈ 4 ಎಂದು ಓದಿಕೊಂಡ ನಾವು, ಇನ್ನೂ ಕಾಲಾವಕಾಶವಿದೆ, ಚಿಂತಿಸಬೇಡಿ ಎಂದು ಧೈರ್ಯ ಹೇಳಿ ಕಳುಹಿಸಿದೆವು.

ನಾವು ತಪ್ಪು ಓದಿದ್ದೆವು. ಅಮೆರಿಕದವರು ತಿಂಗಳನ್ನು ಮೊದಲು ಬರೆದು ದಿನವನ್ನು ಆಮೇಲೆ ಬರೆಯುತ್ತಾರೆ. ಅದು ಏಪ್ರಿಲ್ 7ರ ಚೆಕ್ಕು. ಅಲ್ಲಿನ ವಾಣಿಜ್ಯ ಕಾನೂನಿನಂತೆ ಆರು ತಿಂಗಳು ಮೀರಿದ ಚೆಕ್ಕಿಗೆ ಹಣ ಕೊಡಲೇಬೇಕೆಂಬ ಬಾಧ್ಯತೆ ಬ್ಯಾಂಕಿಗಿಲ್ಲ. ನಮ್ಮ ದೇಶದ ಚೆಕ್ಕುಗಳಿಗಂತೂ 2012ರ ಏಪ್ರಿಲ್ 1ರಿಂದ ಮೂರೇ ತಿಂಗಳ ಆಯುಸ್ಸು. ಬ್ಯಾಂಕಿನ ಗುಮಾಸ್ತರೂ ನಮ್ಮಂತೆಯೇ ಓದಿರಬೇಕು. ಚೆಕ್ಕನ್ನು ಸ್ವೀಕರಿಸಿ ರಸೀದಿ ಕೊಟ್ಟರು. ಕೆಲವು ವಾರಗಳ ಬಳಿಕ ಅದು ಮೊಹರು ಹೊತ್ತು ಹಿಂದಿರುಗಿತು. ಎರಡೂ ಕಡೆಯ ಶುಲ್ಕವನ್ನು ಆ ತಾಯಿಯ ಉಳಿತಾಯ ಖಾತೆಯಿಂದಲೇ ಮುರಿದುಕೊಳ್ಳಲಾಯಿತು. ಸಂಕೇತವೇ ಬೇರೆ, ಅದು ಸೂಚಿಸುವ ವಸ್ತುವೇ ಬೇರೆ ಎಂದು ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಿ ನಾವು ವರ್ಷಗಟ್ಟಲೆ ಕಲಿತದ್ದುಂಟು. ಬ್ಯಾಂಕಿನ ಕಿಟಕಿಯ ಮುಂದೆ ಆ ಪಾಠ ನೆನಪಿಗೆ ಬರಲಿಲ್ಲ.

ಈ ಗೊಂದಲಕ್ಕೆ ನಮ್ಮ ಕರಾವಳಿಯಲ್ಲಿ ಒಂದು ಹಳೆಯ ಕಾರಣವೂ ಇದೆ. ಗಲ್ಫ್ ನಾಡಿಗೆ ಹೋದವರು ಮನೆಗೆ ಡ್ರಾಫ್ಟ್ ಕಳುಹಿಸುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಆ ಡ್ರಾಫ್ಟ್ ರೂಪಾಯಿಯಲ್ಲಿರುತ್ತಿತ್ತು. ನಮ್ಮ ದೇಶದ ಬ್ಯಾಂಕಿನ ಮೇಲೆಯೇ ಬರೆದದ್ದಾಗಿರುತ್ತಿತ್ತು. ಅದರ ಹಣವನ್ನು ಕಳುಹಿಸುವವರು ಮೊದಲೇ ತುಂಬಿರುತ್ತಿದ್ದರು. ವಿದೇಶಿ ಚೆಕ್ಕಿನ ದಾರಿ ಬೇರೆ. ಅದನ್ನು ನಮ್ಮ ಬ್ಯಾಂಕು ವಸೂಲಿಗಾಗಿ ಹೊರದೇಶದ ತನ್ನ ಜೊತೆಗಾರ ಬ್ಯಾಂಕಿಗೆ ಕಳುಹಿಸಬೇಕು, ಅಲ್ಲಿಂದ ಅದು ಚೆಕ್ಕು ಬರೆದವರ ಬ್ಯಾಂಕನ್ನು ತಲುಪಬೇಕು, ಅಲ್ಲಿ ಹಣವಿದ್ದು ಸಹಿ ಸರಿಯಿದ್ದರೆ ಅದೇ ಹಾದಿಯಲ್ಲಿ ಹಣ ಮರಳಬೇಕು. ವಾರಗಳೇ ಹಿಡಿಯುತ್ತವೆ. ಡಾಲರಿನ ಬೆಲೆಯೂ ನಾವು ಚೆಕ್ಕು ಕೊಟ್ಟ ದಿನದ್ದಲ್ಲ, ಹಣ ಜಮಾ ಆಗುವ ದಿನದ್ದು.

ಹೆಸರಿನ ತೊಡಕಂತೂ ನಮ್ಮ ಕುಟುಂಬಗಳಿಗೆ ಮೀಸಲಾದದ್ದೋ ಎಂಬಂತಿದೆ. ಜ್ಞಾನಸ್ನಾನದ ದಫ್ತರದಲ್ಲಿ ಮೂರು ಹೆಸರು, ಶಾಲೆಯ ದಾಖಲೆಯಲ್ಲಿ ಒಂದು, ಮನೆಯಲ್ಲಿ ಕರೆಯುವುದು ಇನ್ನೊಂದು, ಮದುವೆಯಾದ ಮೇಲೆ ಗಂಡನ ಕುಲನಾಮ. ವಿದೇಶದಲ್ಲಿರುವ ತಮ್ಮನಿಗೆ ನೆನಪಿರುವುದು ಕರೆಯುವ ಹೆಸರು, ಅವನ ಉಯಿಲಿನಲ್ಲಿ ಬರುವುದೂ ಅದೇ. ಪಾಸ್‌ಬುಕ್ಕಿನಲ್ಲಿರುವ ಹೆಸರಿಗೆ ಅದು ಹೊಂದದಿದ್ದರೆ ಬ್ಯಾಂಕು ಒಪ್ಪುವುದಿಲ್ಲ. ಆಗ ಜ್ಞಾನಸ್ನಾನದ ಪತ್ರ ಕೇಳಿಕೊಂಡು ನಮ್ಮ ಕಚೇರಿಗೆ ಬರುತ್ತಾರೆ. ನಾವು ಕೊಡುತ್ತೇವೆ, ಆದರೆ ಅದೊಂದರಿಂದಲೇ ಬ್ಯಾಂಕು ತೃಪ್ತಿಪಡಬೇಕೆಂದೇನೂ ಇಲ್ಲ. ಪಾಸ್‌ಬುಕ್ಕಿನ ಮೊದಲ ಪುಟವನ್ನು ಮುಂಚಿತವಾಗಿಯೇ ಅಲ್ಲಿಗೆ ಕಳುಹಿಸಿಕೊಡುವುದು ಒಳ್ಳೆಯದು.

ಪಾಸ್‌ಬುಕ್ಕಿನಲ್ಲಿ ಹಣ ಜಮಾ ಆಗಿದೆಯೆಂದು ಕಂಡಮಾತ್ರಕ್ಕೆ ಖರ್ಚಿಗೆ ಕೈಹಾಕಬಾರದೆಂಬುದನ್ನು ಒತ್ತಿ ಹೇಳುತ್ತೇವೆ. ಕೆಲವೊಮ್ಮೆ ಬ್ಯಾಂಕು ಮುಂಗಡವಾಗಿ ಜಮಾ ಮಾಡಿ, ಚೆಕ್ಕು ತಿರಸ್ಕೃತವಾದರೆ ಹಿಂದಕ್ಕೆ ಪಡೆಯುವ ಹಕ್ಕನ್ನು ಉಳಿಸಿಕೊಂಡಿರುತ್ತದೆ. ವಂಚಕರು ಜಾಲ ಬೀಸುವುದು ಈ ನಡುವಿನ ವಾರಗಳಲ್ಲಿಯೇ. ಮನೆ ಬಾಡಿಗೆಗೆ ಬೇಕೆಂದೋ ಕೆಲಸ ಕೊಡುತ್ತೇವೆಂದೋ ಹೇಳಿ, ಬೇಕಾದುದಕ್ಕಿಂತ ಹೆಚ್ಚಿನ ಮೊತ್ತದ ಚೆಕ್ಕು ಕಳುಹಿಸಿ, ಹೆಚ್ಚಿನದನ್ನು ಕೂಡಲೇ ಮರಳಿಸಿರೆನ್ನುತ್ತಾರೆ. ಮರಳಿಸಿದ ಹಣ ನಿಮ್ಮದು; ಅವರ ಚೆಕ್ಕು ಖೋಟಾ. ಪರಿಚಯವಿಲ್ಲದವರಿಂದ ಬಂದ ವಿದೇಶಿ ಚೆಕ್ಕನ್ನು ನಮ್ಮ ಯುವಕರು ಮುಟ್ಟದಿರುವುದೇ ಕ್ಷೇಮ.

ಇಗರ್ಜಿಯ ಹೆಸರಿಗೆ ಬರುವ ಚೆಕ್ಕುಗಳ ವಿಷಯವೂ ಉಂಟು. ಅನ್ಯ ದೇಶದ ಪೌರತ್ವ ಪಡೆದ ನಮ್ಮೂರ ಮಗನೊಬ್ಬ ಹಬ್ಬಕ್ಕೆಂದು ಕಳುಹಿಸಿದ ಚೆಕ್ಕನ್ನು ನಾವು ಹಿಂದಿರುಗಿಸಬೇಕಾಯಿತು. ಅವನಿಗೆ ನೋವಾಯಿತೆಂದು ಬಲ್ಲೆವು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದಾನ ಕಾನೂನಿನ ಕಣ್ಣಿಗೆ ವಿದೇಶಿ ದೇಣಿಗೆಯಲ್ಲ; ಪೌರತ್ವ ಬದಲಿಸಿದವರು ಕೊಟ್ಟರೆ ಅದು ವಿದೇಶಿ ದೇಣಿಗೆ. ಅಂಥದನ್ನು ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆಗಳು ಮಾತ್ರ ಪಡೆಯಬಹುದು. 2020ರ ತಿದ್ದುಪಡಿಯ ಬಳಿಕ ಅದು ಮೊದಲು ಸೇರಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಊರ ಬ್ಯಾಂಕಿನಲ್ಲಿರುವ ಹಬ್ಬದ ಖಾತೆಗೆ ಹಾಕುವಂತಿಲ್ಲ. ಒಬ್ಬ ಮಗನ ಪ್ರೀತಿಯನ್ನು ಪಾಸ್‌ಪೋರ್ಟಿನ ಬಣ್ಣದಿಂದ ಅಳೆಯಬೇಕಾಗಿ ಬಂದುದು ನಮಗೂ ಹಿತವೆನಿಸಲಿಲ್ಲ. ಕಾನೂನು ಕಾನೂನೇ.

ಚೆಕ್ಕಿನ ಕಾಲವೇ ಮುಗಿಯುತ್ತಾ ಬಂದಿದೆ. ಡೆನ್ಮಾರ್ಕಿನ ಬ್ಯಾಂಕುಗಳು 2017ರಲ್ಲಿ ಅದನ್ನು ಕೈಬಿಟ್ಟವು. ಅಮೆರಿಕದ ಕೇಂದ್ರ ಸರಕಾರವೂ ತಾನು ಕೊಡುವ ಕಾಗದದ ಚೆಕ್ಕುಗಳನ್ನು ನಿಲ್ಲಿಸಲು 2025ರ ಮಾರ್ಚಿನಲ್ಲಿ ಆದೇಶಿಸಿತು. ನಮ್ಮಲ್ಲಿಯೂ ಕೆಲವು ಬ್ಯಾಂಕುಗಳು ವಿದೇಶಿ ಚೆಕ್ಕನ್ನು ತೆಗೆದುಕೊಳ್ಳುವುದೇ ಇಲ್ಲ. ಹೊರನಾಡಿನಲ್ಲಿರುವ ಮಕ್ಕಳಿಗೆ, ಅಲ್ಲಿನ ವಕೀಲರಿಗೆ, ಹಣವನ್ನು ನೇರವಾಗಿ ಖಾತೆಗೆ ವರ್ಗಾಯಿಸುವಂತೆ ಬರೆಯಿರಿ. ಖಾತೆಯ ಸಂಖ್ಯೆಯೊಂದಿಗೆ ಬ್ಯಾಂಕಿನ ಸ್ವಿಫ್ಟ್ ಸಂಕೇತವನ್ನೂ ಕೇಳಿ ತಿಳಿಸಿರಿ.

ಆ ತಾಯಿಯ ಪರವಾಗಿ ನಾವು ಬರೆದದ್ದೂ ಅದನ್ನೇ. ನಮ್ಮ ತಪ್ಪನ್ನೂ ಮುಚ್ಚಿಡದೆ ತಿಳಿಸಿದೆವು. ವಕೀಲರು ಹಳೆಯ ಚೆಕ್ಕಿನ ಛಾಯಾಚಿತ್ರವನ್ನು ಮಾತ್ರ ಕೇಳಿದರು, ಹಣವನ್ನು ಖಾತೆಗೆ ವರ್ಗಾಯಿಸಿದರು. ಚೆಕ್ಕು ಮರಳಿ ಪ್ರಾರ್ಥನಾ ಪುಸ್ತಕಕ್ಕೆ ಸೇರಿದೆ.