ಅಂಕದ ಬೆಲೆ ಸೀಟು ಆರಿಸುವ ಮೊದಲೇ ತಿಳಿಯಲಿ

ನೀಟ್ ಫಲಿತಾಂಶ ಬಂದ ದಿನ ಮನೆಯಲ್ಲಿ ಎರಡು ಲೆಕ್ಕ ಶುರುವಾಗುತ್ತವೆ. ಮಕ್ಕಳದ್ದು ರ್‍ಯಾಂಕಿನ ಲೆಕ್ಕ, ಅಪ್ಪ ಅಮ್ಮಂದಿರದ್ದು ಶುಲ್ಕದ ಲೆಕ್ಕ. ಎಂಬಿಬಿಎಸ್ ಕೈತಪ್ಪಿ ಬಿಡಿಎಸ್ ಸಿಗುವಂತಿದ್ದರೆ ಎರಡನೆಯ ಲೆಕ್ಕದ್ದೇ ಮೇಲುಗೈ. ಬೆಂಗಳೂರು ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಿವೆ. ಆದರೆ ರಾಜ್ಯದ ಬಹುಪಾಲು ಬಿಡಿಎಸ್ ಸೀಟುಗಳಿರುವುದು ಖಾಸಗಿ ಕಾಲೇಜುಗಳಲ್ಲೇ. ಅಲ್ಲಿ ಒಂದೇ ಬೆಂಚಿನಲ್ಲಿ ಸರ್ಕಾರಿ ಕೋಟಾದವರೂ ಖಾಸಗಿ ಕೋಟಾದವರೂ ಕೂರುತ್ತಾರೆ. ರ್‍ಯಾಂಕಿನ ಸಣ್ಣ ಅಂತರ ಶುಲ್ಕದಲ್ಲಿ ಲಕ್ಷಗಳ ಅಂತರವಾಗಿಬಿಡುತ್ತದೆ.

ಎರಡನೇ ವರ್ಷದ ಬಿಡಿಎಸ್ ವಿದ್ಯಾರ್ಥಿನಿಯಾಗಿ ಪ್ರತಿಭಾ ವಿದ್ಯಾರ್ಥಿವೇತನದ ಬಗ್ಗೆ ನನಗೆ ಎರಡು ಮಾತು ಹೇಳಲಿಕ್ಕಿದೆ. ಒಂದು ನಮ್ಮಂಥ ವಿದ್ಯಾರ್ಥಿಗಳಿಗೆ, ಇನ್ನೊಂದು ಹಣ ಕೊಡುವವರಿಗೆ.

ಮೊದಲು ನಮ್ಮ ಮಾತು. ‘ನೀಟ್ ಇದ್ದ ಮೇಲೆ ಪಿಯುಸಿ ಅಂಕ ಯಾರಿಗೆ ಬೇಕು’ ಎನ್ನುವುದು ಕೋಚಿಂಗ್ ಕೇಂದ್ರಗಳ ಕಾರಿಡಾರಿನಲ್ಲಿ ದಿನವೂ ಕೇಳುವ ಮಾತು. ಸೀಟಿನ ಮಟ್ಟಿಗೆ ಅದು ನಿಜವಿರಬಹುದು, ಹಣದ ಮಟ್ಟಿಗೆ ಖಂಡಿತ ಅಲ್ಲ. ಕೇಂದ್ರ ಸರ್ಕಾರ ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನಕ್ಕೆ ನೋಡುವುದು ಹನ್ನೆರಡನೇ ತರಗತಿಯ ಬೋರ್ಡ್ ಅಂಕವನ್ನು. ನಿಮ್ಮ ಬೋರ್ಡಿನಲ್ಲಿ, ನಿಮ್ಮ ವಿಭಾಗದಲ್ಲಿ ತೇರ್ಗಡೆಯಾದವರ ಪೈಕಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರಿರಬಾರದು. ಇಡೀ ದೇಶಕ್ಕೆ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನಗಳಿದ್ದು, ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಪ್ರತಿವರ್ಷ ಮುಂದುವರಿಯಲು ಶೇ 50 ಅಂಕ, ಶೇ 75 ಹಾಜರಾತಿ ಬೇಕು.

ಇದರಲ್ಲೊಂದು ಸೂಕ್ಷ್ಮವಿದೆ. ಈ ಹಣ ಪಡೆಯುವವರು ಬೇರೆ ವಿದ್ಯಾರ್ಥಿವೇತನ ಅಥವಾ ಶುಲ್ಕ ಮರುಪಾವತಿ ಪಡೆಯುವಂತಿಲ್ಲ. ಆದ್ದರಿಂದ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನಿಮ್ಮ ಇಲಾಖೆಯಿಂದ ಸಿಗುವುದೆಷ್ಟು, ಕೇಂದ್ರದ ಎನ್‌ಎಸ್‌ಪಿಯಲ್ಲಿ ಸಿಗುವುದೆಷ್ಟು ಎಂದು ಕೂಡಿಸಿ ಕಳೆದು ನೋಡಿಯೇ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ತಂದಿಟ್ಟುಕೊಳ್ಳಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲೇ ವಿಚಾರಿಸಬೇಕು. ಅರ್ಜಿ ಹಾಕಿದರೆ ಮುಗಿಯಲಿಲ್ಲ, ಕಾಲೇಜು ಅದನ್ನು ಪರಿಶೀಲಿಸಿ ಮುಂದೆ ಕಳಿಸಬೇಕು. ಕಚೇರಿಯ ಕಿಟಕಿಯ ಮುಂದೆ ನಿಂತು ‘ಸರ್, ನನ್ನದು ಹೋಯಿತಾ?’ ಎಂದು ಕೇಳಲು ನಾಚಿಕೆ ಬೇಡ. ನೀವು ಕೇಳುತ್ತಿರುವುದು ಭಿಕ್ಷೆಯಲ್ಲ.

ಇನ್ನು ಕೊಡುವವರ ಮಾತು. ಸೆಂಟ್ರಲ್ ಸೆಕ್ಟರ್ ಯೋಜನೆಯಲ್ಲಿ ಪದವಿಯ ಮೊದಲ ಮೂರು ವರ್ಷ ಸಿಗುವುದು ವರ್ಷಕ್ಕೆ 12,000 ರೂಪಾಯಿ, ಅಂದರೆ ತಿಂಗಳಿಗೆ ಸಾವಿರ. ಬಿಎ ಓದುವವರಿಗೂ ಅಷ್ಟೇ, ಬಿಡಿಎಸ್ ಓದುವವರಿಗೂ ಅಷ್ಟೇ. ಹನಿ ಹನಿಗೂಡಿದರೆ ಹಳ್ಳ ನಿಜ. ಆದರೆ ನಮ್ಮ ಹಳ್ಳ ಆಳವಾಗಿದೆ. ದಂತ ವೈದ್ಯಕೀಯದಲ್ಲಿ ಖರ್ಚು ಶುಲ್ಕಕ್ಕೇ ನಿಲ್ಲುವುದಿಲ್ಲ. ಮೊದಲ ವರ್ಷ ಮೇಣದಲ್ಲಿ ಹಲ್ಲು ಕೆತ್ತುವ ಉಪಕರಣಗಳು, ಎರಡನೇ ವರ್ಷ ಕೃತಕ ದಂತಪಂಕ್ತಿ ಮಾಡುವ ಸಾಮಗ್ರಿ, ಆಮೇಲೆ ಹಲ್ಲು ಕೊರೆಯುವ ಹ್ಯಾಂಡ್‌ಪೀಸ್. ನಮ್ಮಲ್ಲಿ ಇವನ್ನೆಲ್ಲ ವಿದ್ಯಾರ್ಥಿಗಳೇ ಕೊಳ್ಳಬೇಕು. ಸೀನಿಯರ್‌ಗಳ ಹಳೆಯ ಕಿಟ್ ಅರ್ಧ ಬೆಲೆಗೆ ಸಿಕ್ಕರೆ ಹಬ್ಬ.

ಮೊತ್ತಕ್ಕಿಂತ ದೊಡ್ಡ ತೊಂದರೆ ಸಮಯದ್ದು. ಶುಲ್ಕ ಕಟ್ಟಬೇಕಾದದ್ದು ಪ್ರವೇಶದ ದಿನ. ವಿದ್ಯಾರ್ಥಿವೇತನ ಖಾತೆಗೆ ಬರುವುದು ತಿಂಗಳುಗಳ ನಂತರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅಷ್ಟರಲ್ಲಿ ಒಡವೆ ಅಡವಿಗೆ ಹೋಗಿರುತ್ತದೆ, ಇಲ್ಲವೇ ಸೀಟು ಬೇರೆಯವರ ಪಾಲಾಗಿರುತ್ತದೆ. ಕೊನೆಯ ಗಳಿಗೆಯಲ್ಲಿ ಸೀಟು ಬಿಟ್ಟವರನ್ನು ಪ್ರತಿಭೆಯ ಯಾವ ಪಟ್ಟಿಯೂ ಎಣಿಸುವುದಿಲ್ಲ.

‘ಸಾಲ ಸಿಗುತ್ತದಲ್ಲ’ ಎನ್ನುವವರಿದ್ದಾರೆ. ಸಿಗುತ್ತದೆ, ನಿಗಮಗಳ ‘ಅರಿವು’ ಯೋಜನೆಯಂಥ ಕಡಿಮೆ ಬಡ್ಡಿಯ ಸಾಲವೂ ಇದೆ. ಆದರೆ ಹೊಸದಾಗಿ ಓದು ಮುಗಿಸಿದ ದಂತ ವೈದ್ಯರ ಆರಂಭದ ಸಂಬಳ ಎಷ್ಟೆಂದು ಯಾವುದೇ ಕ್ಲಿನಿಕ್‌ನಲ್ಲಿ ಕೇಳಿ ನೋಡಿ. ಸ್ವಂತ ಕ್ಲಿನಿಕ್ ತೆರೆಯಲು ಮತ್ತೆ ಸಾಲ ಬೇಕು. ಎರಡು ಸಾಲ ಹೊತ್ತವರು ಹೋಬಳಿಗೆ ಹೋಗಿ ಕಡಿಮೆ ಹಣಕ್ಕೆ ಹಲ್ಲು ನೋಡುತ್ತಾರೆಂದು ನಿರೀಕ್ಷಿಸುವುದು ಹೇಗೆ? ಸಾಲವಿಲ್ಲದೆ ಓದಿ ಹೊರಬಂದವರಿಗೆ ಮಾತ್ರ ತಮ್ಮೂರಿಗೆ ಮರಳುವ ಧೈರ್ಯ ಇರುತ್ತದೆ. ಆದ್ದರಿಂದ ಪ್ರತಿಭಾ ವಿದ್ಯಾರ್ಥಿವೇತನವನ್ನು ಬಹುಮಾನವೆಂದು ನೋಡದೆ, ಸಮಾಜದ ಹೂಡಿಕೆಯೆಂದು ನೋಡಬೇಕು.

ನಾನು ಕೇಳುವುದು ಮೂರೇ. ಕೋರ್ಸಿನ ನಿಜವಾದ ಖರ್ಚಿಗೆ ತಕ್ಕಂತೆ ಮೊತ್ತ ನಿಗದಿಯಾಗಲಿ. ಖಾಸಗಿ ಕಾಲೇಜುಗಳು ರ್‍ಯಾಂಕ್ ಆಧರಿಸಿ ಶುಲ್ಕ ರಿಯಾಯಿತಿ ಕೊಡುವುದಾದರೆ, ಕೆಇಎ ಕೌನ್ಸೆಲಿಂಗ್‌ನಲ್ಲಿ ನಾವು ಆಯ್ಕೆ ದಾಖಲಿಸುವ ಮೊದಲೇ ಅದನ್ನು ಶುಲ್ಕದ ಪಟ್ಟಿಯ ಪಕ್ಕದಲ್ಲೇ ಪ್ರಕಟಿಸಲಿ. ಅರ್ಹತೆ ಖಚಿತವಾದವರಿಗೆ ಹಣ ಬರುವವರೆಗೆ ಕಾಲೇಜುಗಳು ಅಷ್ಟು ಶುಲ್ಕಕ್ಕೆ ಕಾಲಾವಕಾಶ ಕೊಡಲಿ.

ಈ ವರ್ಷ ಪಿಯುಸಿಯಲ್ಲಿರುವ ಗೆಳೆಯ ಗೆಳತಿಯರೇ, ಇವೆಲ್ಲ ಬದಲಾಗುವವರೆಗೆ ಕಾಯುವಷ್ಟು ಸಮಯ ನಿಮಗಿಲ್ಲ. ನೀಟ್ ಪುಸ್ತಕದ ಪಕ್ಕದಲ್ಲಿ ಬೋರ್ಡ್ ಪರೀಕ್ಷೆಯ ಪುಸ್ತಕವೂ ತೆರೆದಿರಲಿ. ಸೀಟಿಗೆ ನೀಟ್ ಅಂಕ ಬೇಕು. ಆ ಸೀಟಿನಲ್ಲಿ ಉಳಿಯಲು ನೆರವಾಗುವ ಹಣಕ್ಕೆ ಪಿಯುಸಿ ಅಂಕವೂ ಬೇಕು.