ಎರಡನೆಯ ಗಡಿಯಾರ

ಅಜ್ಜಂಪುರದಲ್ಲಿರುವ ನನ್ನ ಹಳೆಯ ಸ್ನೇಹಿತರೊಬ್ಬರ ನಡುಮನೆಯ ಗೋಡೆಯ ಮೇಲೆ ಈಗ ಎರಡು ಗಡಿಯಾರಗಳಿವೆ. ಒಂದು ಅವರ ತಂದೆಯವರ ಕಾಲದ್ದು, ವಾರಕ್ಕೊಮ್ಮೆ ಕೀಲಿ ಕೊಡಬೇಕಾದದ್ದು. ಅದರ ಮಗ್ಗುಲಿಗೆ ತೂಗುಹಾಕಿರುವ ಹೊಸದು ಚಳಿಗಾಲದಲ್ಲಿ ಅದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ ನಡೆಯುತ್ತದೆ. ಮಗಳು ಮದುವೆಯಾಗಿ, ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉದ್ಯೋಗದಲ್ಲಿರುವ ಗಂಡನ ಬಳಿಗೆ ಹೋದ ವಾರವೇ ಆಕೆಯ ತಾಯಿ ಅದನ್ನು ಕಡೂರಿನಿಂದ ತರಿಸಿದರು. ಮಗಳು ಕೆಲಸ ಮಾಡುವ ಬೆಂಗಳೂರಿನ ಕಚೇರಿಯ ಮೊದಲ ಮೀಟಿಂಗು ಒಂಬತ್ತೂವರೆಗೆ ತೊಡಗುವಾಗ ಅಲ್ಲಿ ಇನ್ನೂ ಐದು ಗಂಟೆ, ಹೊರಗೆ ಕಾರ್ಗತ್ತಲು. ಗಂಡನಿಗೆ ನಿದ್ರಾಭಂಗವಾಗದಿರಲೆಂದು ಆಕೆ ಅಡಿಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಹೆಗಲಿಗೆ ಶಾಲು ಹೊದ್ದು, ದನಿ ತಗ್ಗಿಸಿ ಮಾತನಾಡುತ್ತಾಳೆ. ಆ ಹೊತ್ತಿನಲ್ಲಿ ಅಜ್ಜಂಪುರದಿಂದ ಯಾರೂ ಫೋನ್ ಮಾಡಕೂಡದೆಂಬುದು ತಾಯಿಯ ಕಟ್ಟಪ್ಪಣೆ.

ಆಕೆ ಕೆಲಸವನ್ನು ಬಿಡಲಿಲ್ಲವೆಂಬ ಸಂಗತಿ ನನಗೆ ಅತ್ಯಂತ ಸಂತೋಷವನ್ನುಂಟುಮಾಡಿತು. ಕಡೂರು, ತರೀಕೆರೆ, ಅಜ್ಜಂಪುರಗಳ ಈ ಸೀಮೆಯಲ್ಲಿ, ತೆಂಗು ಅಡಿಕೆ ಈರುಳ್ಳಿಗಳ ಆದಾಯದಲ್ಲಿ ಉಳಿಸಿದ ಹಣದಿಂದ ಓದಿ, ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಸ್ವಂತ ಯೋಗ್ಯತೆಯಿಂದ ಉದ್ಯೋಗ ಸಂಪಾದಿಸಿದ ಎಷ್ಟೋ ಹೆಣ್ಣುಮಕ್ಕಳು, ಗಂಡನಿಗೆ ಪರದೇಶದಲ್ಲಿ ಕೆಲಸ ದೊರೆತೊಡನೆ ತಮ್ಮದನ್ನು ಸದ್ದಿಲ್ಲದೆ ತ್ಯಜಿಸಿದ್ದನ್ನು ಮೇಷ್ಟರಾಗಿದ್ದ ನಾನು ಕಣ್ಣಾರೆ ಕಂಡಿದ್ದೇನೆ. ಆರು ವರ್ಷ ಶ್ರಮಿಸಿ ಗಳಿಸಿದ ಸ್ಥಾನ, ಸಹೋದ್ಯೋಗಿಗಳ ವಿಶ್ವಾಸ, ತನ್ನದೆಂದು ಹೇಳಿಕೊಳ್ಳಬಹುದಾದ ಸಂಬಳ, ಇವುಗಳನ್ನು ಸಮುದ್ರ ದಾಟಿದ ಮಾತ್ರಕ್ಕೆ ಕಳೆದುಕೊಳ್ಳಬೇಕಾಗಿಲ್ಲವೆಂಬ ಈ ಕಾಲದ ಸೌಲಭ್ಯವನ್ನು ನಾನು ಸಾಮಾನ್ಯವೆಂದು ಎಣಿಸಲಾರೆ. ಆದ್ದರಿಂದಲೇ, ಆ ಸೌಲಭ್ಯದ ಹೆಸರಿನಲ್ಲಿ ಆಕೆಗೆ ಆದ ಅನ್ಯಾಯವನ್ನು ಕುರಿತು ಬರೆಯದೆ ಇರಲಾರೆ.

ಹೊರಡುವ ಮುನ್ನ ಆಕೆ ಕಂಪೆನಿಯವರನ್ನು ಕೇಳದೆ ಇರಲಿಲ್ಲ. ಅವರು ಬಾಯಿಮಾತಿನಲ್ಲಿ ಒಪ್ಪಿದರು: ವಿಳಾಸ ಅಜ್ಜಂಪುರದ್ದೇ ಇರಲಿ, ಸಂಬಳ ಇಲ್ಲಿಯ ಖಾತೆಗೇ ಬೀಳಲಿ, ಅದನ್ನೆಲ್ಲ ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ, ಎಂದರು. ಹುಡುಗಿ ನಂಬಿದಳು. ಸಂಬಳ ಕೊಡುವವರು ಇಲ್ಲಿಯವರು, ತೆರಿಗೆ ಹಿಡಿಯುವುದೂ ಇಲ್ಲಿಯೇ; ಇದರಲ್ಲಿ ಜರ್ಮನಿಯವರಿಗೆ ಸಂಬಂಧಿಸಿದ್ದೇನು ಎಂದು ಆಕೆಯ ತಂದೆಗೂ ತೋರಿತು, ಒಪ್ಪಿಕೊಳ್ಳುತ್ತೇನೆ, ನನಗೂ ತೋರಿತು.

ಏಳೆಂಟು ತಿಂಗಳಾದ ಮೇಲೆ ಅಲ್ಲಿಯ ಆರೋಗ್ಯ ವಿಮಾ ನಿಧಿಯಿಂದ ಒಂದು ಪ್ರಶ್ನಾವಳಿ ಬಂದಿತು. ಆ ದೇಶದಲ್ಲಿ ಸಾರ್ವಜನಿಕ ವಿಮೆಯುಳ್ಳವನ ಹೆಂಡತಿ, ತಿಂಗಳಿಗೆ ಐನೂರು ಯೂರೋ ಆಸುಪಾಸಿನ ಒಂದು ಮಿತಿಯೊಳಗೆ ಮಾತ್ರ ಆದಾಯವುಳ್ಳವಳಾದರೆ, ಬೇರೆ ಚಂದಾ ಕೊಡದೆ ಗಂಡನ ವಿಮೆಯಲ್ಲಿಯೇ ಸೇರಬಹುದು; ಆದಾಯವೆಂದರೆ ಪ್ರಪಂಚದ ಯಾವ ಮೂಲೆಯಿಂದ ಬಂದದ್ದಾದರೂ ಆದಾಯವೇ. ಆಕೆ ಸುಳ್ಳು ಬರೆಯಲಿಲ್ಲ. ಬೆಂಗಳೂರಿನ ಸಂಬಳವನ್ನು ಯೂರೋಗಳಲ್ಲಿ ಲೆಕ್ಕಹಾಕಿ ಬರೆದು ಕಳುಹಿಸಿದಳು. ಅದು ಮಿತಿಯನ್ನು ಮೀರಿದ್ದರಿಂದ, ಹಿಂದಿನ ತಿಂಗಳುಗಳ ಚಂದಾವನ್ನೆಲ್ಲ ಒಟ್ಟಿಗೆ ಕಟ್ಟತಕ್ಕದ್ದೆಂಬ ಪತ್ರ ಬಂದಿತು. ಈರುಳ್ಳಿ ಮಾರಿದ ಹಣ ಕಳುಹಿಸುತ್ತೇನಮ್ಮಾ ಎಂದ ತಂದೆಗೆ ಬೇಡವೆಂದು ಹೇಳಿ, ತಾನು ಕೂಡಿಟ್ಟಿದ್ದರಲ್ಲಿಯೇ ಕಟ್ಟಿದಳು. ಆ ಪತ್ರದ ಛಾಯಾಪ್ರತಿಯನ್ನು ಹಿಡಿದು ಸ್ನೇಹಿತರು ನನ್ನಲ್ಲಿಗೆ ಬಂದು, “ನೀವೇ ಒಂದು ಸಲ ನೋಡಿ ಮೇಷ್ಟ್ರೇ, ನಮ್ಮ ಹುಡುಗಿ ತಪ್ಪು ಮಾಡಿದಾಳೆಯೇ?” ಎಂದು ಕೇಳಿದಾಗ ಅವರ ಕೈ ನಡುಗುತ್ತಿತ್ತು.

ಬಲ್ಲವರನ್ನು ವಿಚಾರಿಸಿ ನಾನು ತಿಳಿದುಕೊಂಡದ್ದರ ತಿರುಳು ಇಷ್ಟು: ಕುಳಿತ ನೆಲವೇ ಕೆಲಸದ ನೆಲ. ತರೀಕೆರೆಯ ತೋಟದ ಅಡಿಕೆಯನ್ನು ಶಿವಮೊಗ್ಗದ ಮಂಡಿಯಲ್ಲಿ ಮಾರಿದರೂ, ಹಣ ಶಿವಮೊಗ್ಗದಲ್ಲಿ ಕೈಸೇರಿದರೂ, ತೋಟದ ಕಂದಾಯ ಸಲ್ಲಬೇಕಾದದ್ದು ತರೀಕೆರೆಯ ತಾಲ್ಲೂಕಿಗೇ ಅಲ್ಲವೆ? ಭಾರತ ಜರ್ಮನಿಗಳ ನಡುವಣ ತೆರಿಗೆ ಒಪ್ಪಂದದ 15ನೆಯ ವಿಧಿಯೂ ಅದನ್ನೇ ಹೇಳುತ್ತದೆ: ಜರ್ಮನಿಯಲ್ಲಿ ನೆಲೆಸಿ, ಅಲ್ಲಿಯೇ ಕುಳಿತು ದುಡಿದ ಸಂಬಳದ ಮೇಲಿನ ತೆರಿಗೆಯ ಹಕ್ಕು ಜರ್ಮನಿಯದು. ನಮ್ಮ ಕಾನೂನಾದರೋ, ಅನಿವಾಸಿಯಾದವರು ಸಂಬಳವನ್ನು ಇಲ್ಲಿಯ ಖಾತೆಯಲ್ಲಿ ಪಡೆದರೆ ಪಡೆದ ಕಾರಣಕ್ಕೇ ಅದರ ಮೇಲೆ ಕೈಯಿಡುತ್ತದೆ. ಎರಡು ಕಡೆಯೂ ತೆರಿಗೆ ತೆರದಿರಬೇಕಾದರೆ, ಅಲ್ಲಿಯ ತೆರಿಗೆ ಇಲಾಖೆಯಿಂದ ನಿವಾಸದ ಪ್ರಮಾಣಪತ್ರ ತಂದು ಇಲ್ಲಿ ಒಪ್ಪಂದದ ರಕ್ಷಣೆಯನ್ನು ಕೇಳಬೇಕು. ಹಳೆಯ ಉಳಿತಾಯ ಖಾತೆಯನ್ನು ಕೂಡ 1999ರ ವಿದೇಶೀ ವಿನಿಮಯ ಕಾಯಿದೆಯ ಮೇರೆಗೆ ಅನಿವಾಸಿಗಳಿಗೆಂದಿರುವ ಎನ್‌ಆರ್‌ಒ ಖಾತೆಯಾಗಿ ಮಾರ್ಪಡಿಸಬೇಕು. ಅಜ್ಜಂಪುರದ ವಿಳಾಸ ಮುಂದುವರಿಯಲಿ ಎಂದವರು ಇದಾವುದನ್ನೂ ಆಕೆಗೆ ತಿಳಿಸಿರಲಿಲ್ಲ.

ಇನ್ನೊಂದು ಭೇದವನ್ನು ಇಲ್ಲಿ ಹೇಳಬೇಕು. ಭಾರತ ಜರ್ಮನಿಗಳ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅದರಂತೆ ಇಲ್ಲಿಯ ಕಂಪೆನಿ ತನ್ನ ಕಾರ್ಯಾರ್ಥವಾಗಿ ಅಲ್ಲಿಗೆ ಕಳುಹಿಸಿದ ನೌಕರನು ಇಲ್ಲಿಯ ಭವಿಷ್ಯನಿಧಿಯಲ್ಲಿಯೇ ಮುಂದುವರಿದು, ನಾಲ್ಕು ವರ್ಷಗಳವರೆಗೆ ಅಲ್ಲಿಯ ಪಿಂಚಣಿ ಚಂದಾದಿಂದ ವಿನಾಯಿತಿ ಪಡೆಯಬಹುದು. ಆದರೆ ಗಂಡನ ಜೊತೆ ಬಾಳಲು ಹೋಗಿ ಅಲ್ಲಿಯೇ ನೆಲೆಸಿದವಳನ್ನು ಯಾರೂ ‘ಕಳುಹಿಸಿಲ್ಲ’. ನಿಯೋಜಿತನಿಗೆ ಧಣಿಯ ಆಜ್ಞೆಯ ನೆರಳಿದೆ. ಸಂಸಾರದ ಕಾರಣಕ್ಕೆ ಹೋದವಳಿಗೆ ಆ ನೆರಳಿಲ್ಲ. ಮಾಡುವ ಕೆಲಸ ಒಂದೇ, ಕೊಡುವ ಲಾಭವೂ ಒಂದೇ. ಆದರೂ ಭಾರವೆಲ್ಲ ಆಕೆಯ ತಲೆಯ ಮೇಲೆ.

ಅಮೆರಿಕದಲ್ಲಿ ಇದಕ್ಕಿಂತಲೂ ಬಿಗಿ. ಜರ್ಮನಿಗೆ ಹೀಗೆ ಪತಿಯನ್ನು ಸೇರಲು ಹೋದವಳಿಗೆ ಕೆಲಸ ಮಾಡುವ ಅನುಮತಿಯಾದರೂ ವಾಸದ ಪರವಾನಗಿಯೊಡನೆಯೇ ದೊರೆಯುತ್ತದೆ. ಎಚ್-4 ವೀಸಾದ ಮೇಲೆ ಅಮೆರಿಕಕ್ಕೆ ಹೋದ ಪತ್ನಿಗೆ ಅದೂ ಇಲ್ಲ. ಗ್ರೀನ್ ಕಾರ್ಡಿನ ಹಾದಿಯಲ್ಲಿ ಗಂಡನು ಒಂದು ಹಂತವನ್ನು ದಾಟಿದ್ದರೆ ಪ್ರತ್ಯೇಕ ಪರವಾನಗಿಗೆ ಅರ್ಜಿ ಹಾಕಬಹುದೆಂಬ ನಿಯಮ ಬಂದದ್ದೇ 2015ರ ಮೇ ತಿಂಗಳಿನಲ್ಲಿ. ಸಂಬಳ ಬೆಂಗಳೂರಿನಲ್ಲಿ ಬೀಳುತ್ತದೆಂಬ ಧೈರ್ಯದಿಂದ ಆ ಪರವಾನಗಿಯಿಲ್ಲದೆ ಅಲ್ಲಿ ಕುಳಿತು ದುಡಿಯುವುದು ಮುಂದಿನ ವೀಸಾಕ್ಕೇ ಕುತ್ತಾಗಬಹುದಾದ ಸಾಹಸ. ಕಡೂರಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಇದನ್ನೇ ಕೇಳಿದಳು. ವಕೀಲರನ್ನು ಕಾಣದೆ ಟಿಕೆಟ್ಟು ಕೊಳ್ಳಬೇಡವೆಂದು ಹೇಳಿದ್ದೇನೆ.

ಇಂಥ ಹೊಣೆ ಯಾರದೆಂಬ ಪ್ರಶ್ನೆಗೆ ನಮ್ಮ ಸೀಮೆಯಲ್ಲಿಯೇ ಹಳೆಯದೊಂದು ಉತ್ತರವಿದೆ. ಅಜ್ಜಂಪುರದವರಿಗೆ ಅಮೃತಮಹಲ್ ದನಗಳ ಚರಿತ್ರೆಯನ್ನು ನಾನು ಹೊಸದಾಗಿ ಹೇಳಬೇಕಾದುದಿಲ್ಲ. 1929ರಲ್ಲಿ ಸ್ಥಾಪಿತವಾದ ತಳಿ ಸಂವರ್ಧನ ಕೇಂದ್ರ ಅವರ ಊರಿನಲ್ಲಿಯೇ ಇದೆ. ಮೈಸೂರಿನ ಸರ್ಕಾರ ಹಿಂದಿನ ಕಾಲದಲ್ಲಿ ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆಂದು ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ, ದನಗಾಹಿಗಳು ಹಿಂಡುಗಳೊಡನೆ ಎಷ್ಟೇ ದೂರ ಹೋದರೂ ಅಲ್ಲಿಯ ಹುಲ್ಲು ನೀರುಗಳ ಏರ್ಪಾಡು ಸರ್ಕಾರದ್ದೇ ಆಗಿರುವಂತೆ ನೋಡಿಕೊಂಡಿತ್ತು. ತನ್ನ ಕೆಲಸ ಎಲ್ಲಿ ನಡೆಯುತ್ತಿದೆಯೋ ಅಲ್ಲಿಯ ನೆಲದ ಹೊಣೆ ಕೆಲಸ ಮಾಡಿಸಿಕೊಳ್ಳುವವನದು ಎಂಬ ಆ ತಿಳಿವು ಇಂದಿನ ಕಂಪೆನಿಗಳಿಗೆ ಬರಬೇಕೆಂದು ನಾನು ಹಂಬಲಿಸುತ್ತೇನೆ. ಅವರಿಗೂ ಭಯವಿಲ್ಲದಿಲ್ಲ: ಪರದೇಶದಲ್ಲಿ ತಮ್ಮದೊಂದು ಸ್ಥಿರ ನೆಲೆಯಿದೆಯೆಂದು ಅಲ್ಲಿಯ ಸರ್ಕಾರ ತೀರ್ಮಾನಿಸಿದರೆ ಲಾಭದ ಮೇಲೆಯೂ ತೆರಿಗೆ ಬೀಳುತ್ತದೆ. ಭಯವಿದ್ದರೆ ಆಗುವುದಿಲ್ಲವೆಂದು ಮೊದಲೇ ಹೇಳಬೇಕಾಗಿತ್ತು. ಅದು ಅವರ ಹಕ್ಕು. ಆಗಬಹುದೆಂದು ಹೇಳಿ, ಕೆಲಸವನ್ನು ಮಾಡಿಸಿಕೊಂಡು, ಆಕೆ ಇರುವ ಊರನ್ನು ಮಾತ್ರ ಮುಚ್ಚಿಡೆಂದದ್ದು ಅಧರ್ಮ.

ಆಕೆ ಇದನ್ನೆಲ್ಲ ತಿಳಿಸಿ ಪತ್ರ ಬರೆದಾಗ, ಕಂಪೆನಿಯವರು ಮೊದಲು ಸೂಚಿಸಿದ್ದು ರಾಜೀನಾಮೆ ಕೊಟ್ಟು ಗುತ್ತಿಗೆಯ ಮೇಲೆ ದುಡಿಯುವುದನ್ನು. ರಜೆಯಿಲ್ಲ, ಭವಿಷ್ಯನಿಧಿಯಿಲ್ಲ, ಎಂದು ಬೇಕಾದರೂ ನಿಲ್ಲಿಸಬಹುದು. ಆಕೆ ಒಪ್ಪಲಿಲ್ಲ. ಜರ್ಮನಿಯಲ್ಲಿಯೇ ಇರುವ, ಪರದೇಶದ ಕಂಪೆನಿಗಳ ಪರವಾಗಿ ಅಲ್ಲಿಯ ಕಾನೂನಿನಂತೆ ನೌಕರರನ್ನು ನೇಮಿಸಿಕೊಳ್ಳುವ ಮಧ್ಯಸ್ಥ ಸಂಸ್ಥೆಯೊಂದರ ಮೂಲಕ ತನ್ನನ್ನು ಇರಿಸಿಕೊಳ್ಳಬೇಕೆಂದು, ಆಗದಿದ್ದರೆ ಕೆಲಸ ಬಿಡುವೆನೆಂದು, ಮೂರು ತಿಂಗಳು ಪಟ್ಟುಹಿಡಿದು ಬರೆದಳು. ಆ ಏರ್ಪಾಡಿನಲ್ಲಿ ವಿಮೆ ಪಿಂಚಣಿಗಳ ಚಂದಾದಲ್ಲಿ ಹೆಚ್ಚುಕಡಿಮೆ ಅರ್ಧ ನೌಕರಳದು, ಅರ್ಧ ಮಾಲೀಕರದು. ಕಂಪೆನಿಗೆ ಖರ್ಚು ಹೆಚ್ಚು. ಕೈಗೆ ಬರುವ ಸಂಬಳ ಆಕೆಗೂ ಸ್ವಲ್ಪ ಕಡಮೆಯೇ. ಕಡೆಗೆ ಒಪ್ಪಿದರು, ಆಕೆಯ ಕೆಲಸ ಅವರಿಗೆ ಅಷ್ಟು ಬೇಕಾಗಿತ್ತು.

ಹೊಸ ನೇಮಕ ಪತ್ರದ ಪ್ರತಿಯನ್ನು ತಂದೆಗೂ ಕಳುಹಿಸಿದ್ದಳು. ಮಾರ್ಚ್ ತಿಂಗಳ ಕೊನೆಯ ಶನಿವಾರ ರಾತ್ರಿ ನಾನು ಅವರ ಮನೆಯಲ್ಲಿಯೇ ಉಳಿದಿದ್ದೆ. ಕೆಲಸದ ಸ್ಥಳ ಎಂಬ ಕಡೆ ಮ್ಯೂನಿಕ್ ಎಂದು ಬರೆದಿದ್ದುದನ್ನು ಸ್ನೇಹಿತರು ಬೆರಳಿಟ್ಟು ನನಗೆ ಎರಡು ಸಲ ತೋರಿಸಿದರು. ಮರುದಿನ ಬೆಳಗ್ಗೆ ಆರೂವರೆಗೆ, ಅಂಗಳಕ್ಕೆ ನೀರು ಹಾಕಿ ಒಳಗೆ ಬಂದ ಆ ತಾಯಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಸ್ಟೂಲಿನ ಮೇಲೆ ಹತ್ತಿ ಎರಡನೆಯ ಗಡಿಯಾರವನ್ನು ಕೆಳಗಿಳಿಸಿ, ಅಲ್ಲಿ ಇವತ್ತಿನಿಂದ ಬೇಸಗೆಯ ಲೆಕ್ಕವಂತೆ ಎಂದು ಹೇಳುತ್ತಾ, ಎರಡರ ಮೇಲಿದ್ದ ಮುಳ್ಳನ್ನು ಮೂರಕ್ಕೆ ತಿರುಗಿಸಿದರು.